ನಂಬರ್ ಪ್ಲೇಟ್ ಇಲ್ಲದ ಗಾಡಿ

ಈ ತಿಂಗಳು ಹೈದರಾಬಾದಿನ ಇರಾನಿ ಹೋಟೆಲುಗಳ ಬಗ್ಗೆ ಬರೆಯುತ್ತೇನೆಂದು ಕಳೆದ ಸಂಚಿಕೆಯಲ್ಲಿ ಹೇಳಿದ್ದೆ. ಚಹಾವನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ಸಲ ಬೇರೆ ವಿಷಯ ಎತ್ತಿಕೊಂಡಿದ್ದೇನೆ. ಕಾರಣ ನಮ್ಮ ಮನೆಯಲ್ಲೇ ನಡೆದದ್ದು.

ನಮ್ಮ ಅಕ್ಕನ ಮನೆ ಅಂಬರ್‌ಪೇಟೆಯಲ್ಲಿ. ಬೀದರ್ ಬಿಟ್ಟು ಇಲ್ಲಿಗೆ ಬಂದು ಇಪ್ಪತ್ತು ವರ್ಷವಾಯಿತು. ಅವಳ ಮಗನಿಗೆ ಈಗ ಹದಿನೇಳು. ಇಂಟರ್ ಎರಡನೇ ವರ್ಷ, ಸಂಜೆ ನಾರಾಯಣಗುಡದಲ್ಲಿ ಕೋಚಿಂಗ್. ಬಸ್ಸಿಗೆ ಕಾದು ಕಾದು ಹುಡುಗನಿಗೆ ಊಟಕ್ಕೂ ಹೊತ್ತು ಸಿಗುವುದಿಲ್ಲ ಎಂದು ದೀಪಾವಳಿಗೆ ಅಕ್ಕ ಒಂದು ಬ್ಯಾಟರಿ ಗಾಡಿ ಕೊಡಿಸಿದಳು. ಪೂಜೆಗೆ ನಾವೂ ಹೋಗಿದ್ದೆವು. ಗಾಡಿಗೆ ಚೆಂಡುಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿದ್ದರು. ಹುಡುಗ ಖುಷಿಯಿಂದ ಹೇಳಿದ: "ಮಾಮಾ, ಇದಕ್ಕ ಲೈಸೆನ್ಸ್ ಬ್ಯಾಡ, ನಂಬರ್ ಬ್ಯಾಡ, ಇನ್ಶೂರೆನ್ಸೂ ಬ್ಯಾಡ. ಪೆಟ್ರೋಲ್ ಅಂತೂ ಮೊದಲೇ ಬ್ಯಾಡ!" ನಾನು ಪೇಡೆ ತಿಂದು, ಓಣಿಯಲ್ಲಿ ಒಂದು ಸುತ್ತು ಹೊಡೆದು, "ಭಾರಿ ಚಂದ ಅದ" ಎಂದು ಹೇಳಿ ಮನೆಗೆ ಬಂದೆ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆ ತಪ್ಪು ನನ್ನದು. ಅದಕ್ಕೇ ಈ ಬರಹ.

ಮೂರು ತಿಂಗಳ ನಂತರ ಒಂದು ಬೆಳಿಗ್ಗೆ ಆರೂವರೆಗೆ ಅಕ್ಕನ ಫೋನ್ ಬಂತು. ಹುಡುಗ ಓಣಿಯ ತಿರುವಿನಲ್ಲಿ ಒಬ್ಬ ಹಿರಿಯರಿಗೆ ಗಾಡಿ ಹೊಡೆದಿದ್ದ. ಅವರು ಅದೇ ಕಾಲೋನಿಯ ನಿವೃತ್ತ ಉದ್ಯೋಗಿ, ಎಲ್ಲರೂ ತಾತಗಾರು ಎಂದು ಕರೆಯುವವರು. ಹಾಲಿನ ಪೊಟ್ಟಣ ಹಿಡಿದು ರಸ್ತೆ ದಾಟುತ್ತಿದ್ದರು. ಗಾಡಿ ಬಂದ ಸದ್ದೇ ಅವರಿಗೆ ಕೇಳಿಸಿರಲಿಲ್ಲ. ಬಲಗೈ ಮಣಿಕಟ್ಟು ಮುರಿದು, ಸೊಂಟಕ್ಕೆ ಪೆಟ್ಟು ಬಿದ್ದಿತ್ತು. ಹುಡುಗನ ಮೊಣಕಾಲು ತರಚಿತ್ತು, ಅಷ್ಟೇ. ಆಸ್ಪತ್ರೆಯಲ್ಲಿ ನನಗೆ ಅರ್ಥವಾಗದ ಒಂದು ಸಂಗತಿ ಇತ್ತು. ಇಪ್ಪತ್ತೈದು ಕಿಲೋಮೀಟರ್ ವೇಗದ ಗಾಡಿ ಇಷ್ಟು ಜೋರಾಗಿ ಹೊಡೆಯಿತು ಹೇಗೆ? ಸಂಜೆ ಹುಡುಗನನ್ನು ಒಬ್ಬನನ್ನೇ ಕೂರಿಸಿಕೊಂಡು ಕೇಳಿದೆ. ಬಹಳ ಹೊತ್ತಿನ ಮೇಲೆ ಬಾಯಿ ಬಿಟ್ಟ. "ಅಂಗಡ್ಯಾಗ ಐನೂರು ರೂಪಾಯಿಗೆ ಲಾಕ್ ತೆಗದು ಕೊಟ್ರು ಮಾಮಾ. ಎಲ್ಲರೂ ತೆಗಸ್ತಾರ. ಈಗ ನಲವತ್ತೈದು ಹೋಗ್ತದ."

ಈ "ಲಾಕ್" ಎಂಬ ಸಣ್ಣ ಮಾತಿನಲ್ಲಿ ಇಡೀ ಕಾನೂನು ಕೂತಿದೆ. ಅದನ್ನು ಬಿಡಿಸಿ ಹೇಳುತ್ತೇನೆ.

ಸೈಕಲ್ಲೋ, ಮೋಟಾರು ವಾಹನವೋ?

ಬ್ಯಾಟರಿಯಲ್ಲಿ ಓಡುವ ಎರಡು ಚಕ್ರದ ಗಾಡಿಗಳೆಲ್ಲ ನೋಡಲು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಕಾನೂನಿನ ಕಣ್ಣಿಗೆ ಮಾತ್ರ ಅವು ಎರಡು ಬೇರೆ ಬೇರೆ ಜಾತಿ. ಒಂದು ಜಾತಿ ಮೋಟಾರು ವಾಹನವೇ ಅಲ್ಲ. ಇನ್ನೊಂದು ನಿಮ್ಮ ಪೆಟ್ರೋಲ್ ಸ್ಕೂಟರಿನಷ್ಟೇ ಪೂರ್ತಿ ಮೋಟಾರು ವಾಹನ.

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 2(ಯು) ನಿಯಮದಲ್ಲಿ ಬ್ಯಾಟರಿಚಾಲಿತ ವಾಹನದ ವಿವರಣೆ ಇದೆ. ಆ ಪ್ರಕಾರ ಒಂದು ದ್ವಿಚಕ್ರ ಗಾಡಿ ಮೋಟಾರು ವಾಹನದ ಲೆಕ್ಕದಿಂದ ಹೊರಗೆ ಉಳಿಯಬೇಕಾದರೆ ಈ ಷರತ್ತುಗಳೆಲ್ಲ ಒಟ್ಟಿಗೇ ಪೂರ್ತಿಯಾಗಬೇಕು. ಮೋಟಾರಿನ ಮೂವತ್ತು ನಿಮಿಷದ ಶಕ್ತಿ 0.25 ಕಿಲೋವ್ಯಾಟ್‌ಗಿಂತ, ಅಂದರೆ 250 ವ್ಯಾಟ್‌ಗಿಂತ ಕಡಿಮೆ ಇರಬೇಕು. ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ ಇರಬೇಕು. ಬ್ಯಾಟರಿ ಬಿಟ್ಟು ಗಾಡಿಯ ತೂಕ 60 ಕಿಲೋ ಮೀರಬಾರದು. ಸರಿಯಾದ ಬ್ರೇಕ್ ಇರಬೇಕು, ಮುಂದೆ ಬಿಳಿ, ಹಿಂದೆ ಕೆಂಪು ಪ್ರತಿಫಲಕ ಇರಬೇಕು. ಇಷ್ಟೆಲ್ಲ ಇದೆ ಎಂದು ಸರ್ಕಾರ ಒಪ್ಪಿದ ಪರೀಕ್ಷಾ ಸಂಸ್ಥೆಯೊಂದು ಆ ಮಾದರಿಯನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಟ್ಟಿರಬೇಕು. ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಅಂಥ ಸಂಸ್ಥೆಗಳು.

ಪೆಡಲ್ ಇರುವ ಎಲೆಕ್ಟ್ರಿಕ್ ಸೈಕಲ್ಲಿಗೂ ಇದೇ ನಿಯಮದಲ್ಲಿ ಜಾಗ ಇದೆ. ಅಲ್ಲಿ ಮೋಟಾರು ತುಳಿಯುವವನಿಗೆ ಸಹಾಯಕ ಮಾತ್ರ. ಅದರ ಶಕ್ತಿಯೂ 250 ವ್ಯಾಟ್ ಒಳಗೇ ಇರಬೇಕು. ವೇಗ ಏರಿದಂತೆ ಮೋಟಾರಿನ ಬಲ ಕಡಿಮೆಯಾಗುತ್ತ ಬಂದು 25 ಕಿಲೋಮೀಟರ್ ಮುಟ್ಟಿದಾಗ, ಇಲ್ಲವೇ ತುಳಿಯುವುದನ್ನು ನಿಲ್ಲಿಸಿದಾಗ, ಪೂರ್ತಿ ನಿಲ್ಲಬೇಕು. ಅದಕ್ಕಿಂತ ಜೋರಾಗಿ ಹೋಗಬೇಕೆಂದರೆ ನಿಮ್ಮ ಕಾಲೇ ಗತಿ.

ಯುರೋಪಿನಲ್ಲೂ ಬ್ರಿಟನ್ನಿನಲ್ಲೂ ಹೆಚ್ಚು ಕಡಿಮೆ ಇದೇ ಅಳತೆ: 250 ವ್ಯಾಟ್, 25 ಕಿಲೋಮೀಟರ್. ಬ್ರಿಟನ್ನಿನಲ್ಲಿ ಇದರ ಜೊತೆಗೆ ಕನಿಷ್ಠ ವಯಸ್ಸು 14 ಎಂದೂ ಇದೆ. ಈ ಪತ್ರಿಕೆಯನ್ನು ಲಂಡನ್ನಿನಲ್ಲೋ ಮ್ಯೂನಿಕ್ಕಿನಲ್ಲೋ ಕೂತು ಓದುವವರಿಗೆ ಈ ಲೆಕ್ಕ ಹೊಸದಲ್ಲ. ಸೈಕಲ್ ತುಳಿಯುವ ಗಟ್ಟಿಮುಟ್ಟಾದ ಮನುಷ್ಯನ ವೇಗ ಸುಮಾರು ಅಷ್ಟೇ ಇರುತ್ತದೆ. ಅಷ್ಟರೊಳಗಿದ್ದರೆ ಸೈಕಲ್ ಎಂದುಕೊಳ್ಳೋಣ, ಅದನ್ನು ದಾಟಿದರೆ ಮೋಟಾರ್ ಸೈಕಲ್ ಎಂದುಕೊಳ್ಳೋಣ ಎಂಬುದು ಇದರ ಹಿಂದಿನ ಸರಳ ವಿಚಾರ.

ನಮ್ಮ ಹುಡುಗನ ಗಾಡಿ ಅಂಗಡಿಯಿಂದ ಹೊರಗೆ ಬಂದಾಗ ಸೈಕಲ್ಲಿನ ಲೆಕ್ಕದಲ್ಲೇ ಇತ್ತು. ಲಾಕ್ ತೆಗೆದ ಗಳಿಗೆಯಲ್ಲಿ ಅದು ನೋಂದಣಿ ಇಲ್ಲದ, ವಿಮೆ ಇಲ್ಲದ ಮೋಟಾರು ವಾಹನವಾಯಿತು. ಓಡಿಸುವವನು ಲೈಸೆನ್ಸ್ ಇಲ್ಲದ ಅಪ್ರಾಪ್ತನಾದ. ಕೊಡಿಸಿದ ಅಕ್ಕ ಅಪ್ರಾಪ್ತನಿಗೆ ಮೋಟಾರು ವಾಹನ ಕೊಟ್ಟ ತಾಯಿಯಾದಳು. ಐನೂರು ರೂಪಾಯಿಯ ಕೆಲಸಕ್ಕೆ ಇಷ್ಟೆಲ್ಲ ಗಂಟು ಬಿತ್ತು.

ಅಕ್ಕನಿಗೆ ಏನಾಗಬಹುದಿತ್ತು

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ದೊಡ್ಡ ತಿದ್ದುಪಡಿ ಬಂತು. ಅದರಲ್ಲಿ ಸೇರಿದ 199ಎ ಕಲಮನ್ನು ಮಕ್ಕಳಿರುವ ಪ್ರತಿಯೊಬ್ಬರೂ ಒಮ್ಮೆ ಓದಬೇಕು. ಅಪ್ರಾಪ್ತರು ಮೋಟಾರು ವಾಹನದಲ್ಲಿ ಅಪರಾಧ ಮಾಡಿದರೆ ತಪ್ಪಿತಸ್ಥರು ಪೋಷಕರು ಅಥವಾ ಗಾಡಿಯ ಮಾಲೀಕರು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೋ ಹುಡುಗಿಗೋ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. "ನನಗೆ ಗೊತ್ತಿರಲಿಲ್ಲ" ಎಂದು ಸಾಬೀತು ಮಾಡುವ ಭಾರವೂ ಪೋಷಕರದ್ದೇ.

ಉಳಿದ ಕಲಮುಗಳೂ ಇವೆ. ಲೈಸೆನ್ಸ್ ಇಲ್ಲದೆ ಓಡಿಸಿದರೆ 5,000 ರೂಪಾಯಿ. ನೋಂದಣಿ ಇಲ್ಲದಿದ್ದರೆ ಮೊದಲ ಸಲ 2,000ದಿಂದ 5,000. ವಿಮೆ ಇಲ್ಲದಿದ್ದರೆ ಮೊದಲ ಸಲ 2,000 ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಇದು ಕಾಯ್ದೆಯಲ್ಲಿ ಬರೆದ ಮೊತ್ತ. ರಸ್ತೆಯಲ್ಲಿ ಚಲನ್ ಹರಿಯುವಾಗ ಎಷ್ಟು ಎಂಬುದನ್ನು ರಾಜ್ಯ ಸರ್ಕಾರ ಬೇರೆಯಾಗಿ ನಿಗದಿ ಮಾಡುತ್ತದೆ. ಹಾಗಾಗಿ ಬೀದರಿನಲ್ಲಿ ಕಟ್ಟಿದ್ದಕ್ಕೂ ಇಲ್ಲಿ ಕಟ್ಟುವುದಕ್ಕೂ ವ್ಯತ್ಯಾಸ ಇರಬಹುದು. ಕೋರ್ಟಿನ ಮೆಟ್ಟಿಲು ಹತ್ತಿದರೆ ಮಾತ್ರ ಕಾಯ್ದೆಯ ಲೆಕ್ಕವೇ ಲೆಕ್ಕ.

ದಂಡಕ್ಕಿಂತ ದೊಡ್ಡದು ವಿಮೆಯ ಮಾತು. ನೋಂದಾಯಿತ ಸ್ಕೂಟರಿಗೆ ಥರ್ಡ್ ಪಾರ್ಟಿ ವಿಮೆ ಇದ್ದಿದ್ದರೆ ತಾತಗಾರಿಗೆ ಆದ ಗಾಯಕ್ಕೆ ಪರಿಹಾರ ಕೊಡುವ ಹೊಣೆ ವಿಮಾ ಕಂಪನಿಗೆ ಹೋಗುತ್ತಿತ್ತು. ಇಲ್ಲಿ ವಿಮೆಯೇ ಇಲ್ಲ. ಶಸ್ತ್ರಚಿಕಿತ್ಸೆ, ಒಳಗೆ ಹಾಕಿದ ಪ್ಲೇಟ್, ಔಷಧಿ ಎಲ್ಲ ಸೇರಿ ಅರವತ್ತೆಂಟು ಸಾವಿರ ಆಯಿತು. ಅಕ್ಕ ಮಗಳ ಮದುವೆಗೆಂದು ಕಟ್ಟುತ್ತಿದ್ದ ಚೀಟಿಯನ್ನು ಎತ್ತಿ ಕೊಟ್ಟಳು. ತಾತಗಾರಿನ ಮನೆಯವರು ದೊಡ್ಡ ಮನಸ್ಸು ಮಾಡಿ ದೂರು ಕೊಡಲಿಲ್ಲ. ಪೆಟ್ಟು ಮಣಿಕಟ್ಟಿಗೆ ಬೀಳುವ ಬದಲು ತಲೆಗೆ ಬಿದ್ದಿದ್ದರೆ? ಆ ಯೋಚನೆ ಅಕ್ಕನನ್ನು ಈಗಲೂ ನಿದ್ದೆಗೆ ಬಿಡುವುದಿಲ್ಲ.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಹೇಳಿಬಿಡಬೇಕು. ಲಾಕ್ ತೆಗೆಯದ, ನಿಯಮದೊಳಗಿನ ಗಾಡಿಯಾದರೆ ಯಾವ ಕಾನೂನೂ ಮುಟ್ಟುವುದಿಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಅದು ನಿಜವಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮು ಸಾರ್ವಜನಿಕ ದಾರಿಯಲ್ಲಿ ಯಾವುದೇ ವಾಹನವನ್ನು ಇನ್ನೊಬ್ಬರ ಜೀವಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ಓಡಿಸುವುದನ್ನು ಅಪರಾಧ ಎನ್ನುತ್ತದೆ. ಅಲ್ಲಿ "ಮೋಟಾರು" ಎಂಬ ಪದ ಇಲ್ಲ. ತುಳಿಯುವ ಸೈಕಲ್ಲೂ ಅದರೊಳಗೆ ಬರುತ್ತದೆ. ಅಜಾಗರೂಕತೆಯಿಂದ ಜೀವ ಹೋದರೆ 106ನೇ ಕಲಮು, ಐದು ವರ್ಷದವರೆಗೆ ಶಿಕ್ಷೆ. ನಂಬರ್ ಪ್ಲೇಟ್ ಇಲ್ಲದಿದ್ದರೆ ಕ್ಯಾಮರಾ ಹಿಡಿಯಲಿಕ್ಕಿಲ್ಲ, ಹೊಣೆ ಮಾತ್ರ ಬಿಡುವುದಿಲ್ಲ.

ಇಪ್ಪತ್ತೈದಕ್ಕೂ ನಲವತ್ತೈದಕ್ಕೂ ಏನು ಅಂತರ?

"ಇಪ್ಪತ್ತೇ ಕಿಲೋಮೀಟರ್ ಜಾಸ್ತಿ ಮಾಮಾ" ಎಂದಿದ್ದ ಹುಡುಗ. ಅವನು ಓದುತ್ತಿರುವುದೇ ಎಂಪಿಸಿ. ಅವನ ನೋಟ್‌ಬುಕ್ಕಿನಲ್ಲೇ ಲೆಕ್ಕ ಮಾಡಿಸಿದೆ.

ಗಂಟೆಗೆ 25 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 7 ಮೀಟರ್. ಎದುರಿಗೆ ಯಾರೋ ಬಂದದ್ದು ಕಂಡು ಕೈ ಬ್ರೇಕ್ ಹಿಡಿಯುವುದಕ್ಕೆ ಒಂದು ಸೆಕೆಂಡ್ ಎಂದಿಟ್ಟುಕೊಳ್ಳಿ. ಅಷ್ಟರಲ್ಲಿ ಗಾಡಿ 7 ಮೀಟರ್ ಹೋಗಿರುತ್ತದೆ. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕ್ ಹಿಡಿದರೆ ಇನ್ನೂ 5 ಮೀಟರಿಗೆ ನಿಲ್ಲುತ್ತದೆ. ಒಟ್ಟು 12 ಮೀಟರ್. ಈಗ 45ರ ಲೆಕ್ಕ. ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಹನ್ನೆರಡೂವರೆ ಮೀಟರ್, ಅದೇ ಬ್ರೇಕಿನಲ್ಲಿ ನಿಲ್ಲುವುದಕ್ಕೆ ಮತ್ತೆ ಹದಿನೈದೂವರೆ. ಒಟ್ಟು 28 ಮೀಟರ್. ವೇಗ ಎರಡು ಪಟ್ಟೂ ಆಗಿಲ್ಲ, ನಿಲ್ಲುವ ದೂರ ಎರಡು ಪಟ್ಟಿಗಿಂತ ಹೆಚ್ಚಾಯಿತು. ಹೊಡೆತದ ಬಲವಂತೂ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಇಲ್ಲಿ ಅದು ಮೂರು ಪಟ್ಟಿಗೂ ಹೆಚ್ಚು.

ನಾನು ಹಿಡಿದದ್ದು ಒಳ್ಳೆಯ ಬ್ರೇಕಿನ ಲೆಕ್ಕ. ನಿಧಾನದ ಗಾಡಿಯ ಬ್ರೇಕು, ಟೈರು, ಚೌಕಟ್ಟು ಎಲ್ಲವನ್ನೂ 25ರ ವೇಗಕ್ಕೆ ತಕ್ಕಂತೆ ಮಾಡಿರುತ್ತಾರೆ. ಅಂಗಡಿಯವನು ಮೋಟಾರಿನ ಲಾಕ್ ತೆಗೆಯುತ್ತಾನೆ, ಬ್ರೇಕ್ ಬದಲಿಸುವುದಿಲ್ಲ. ಆ ತಿರುವಿನಲ್ಲಿ ತಾತಗಾರು ಹುಡುಗನಿಗೆ ಕಂಡದ್ದು ಹದಿನೈದು ಹೆಜ್ಜೆ ದೂರದಲ್ಲಂತೆ. ಲಾಕ್ ಇದ್ದಿದ್ದರೆ ಗಾಡಿ ಬಹುಶಃ ಅಲ್ಲೇ ನಿಲ್ಲುತ್ತಿತ್ತು, ಇಲ್ಲವೇ ಮೆಲ್ಲಗೆ ತಾಗುತ್ತಿತ್ತು. ಈ ಉತ್ತರ ಅವನ ಕೈಯಲ್ಲೇ ಬಂತು. ನಾನು ಬೇರೆ ಬೈಯಬೇಕಾಗಲಿಲ್ಲ.

ಡೆಲಿವರಿ ಹುಡುಗರಿಗೆ ಒಂದು ಮಾತು

ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮ ಮುಗಿಸಿ ಹೊರಗೆ ನಿಂತಿದ್ದಾಗ ಈ ವಿಷಯ ಎತ್ತಿದೆ. ಅಲ್ಲೇ ಇದ್ದ ಕಲಬುರಗಿ ಕಡೆಯ ಇಬ್ಬರು ಹುಡುಗರು ನಕ್ಕರು. ಇಬ್ಬರೂ ಬಾಡಿಗೆ ಬ್ಯಾಟರಿ ಗಾಡಿಯಲ್ಲಿ ಊಟ, ಕಿರಾಣಿ ತಲುಪಿಸುವವರು. "ಲೈಸೆನ್ಸ್ ಮಾಡಸ್ಲಿಕ್ಕ ಊರಿಗಿ ಹೋಗ್ಬೇಕ್ರಿ, ನಾಕು ದಿನದ ಪಗಾರ ಹೋಗ್ತದ. ಅದಕ್ಕೇ ಈ ಗಾಡಿ ಹಿಡದೀವಿ." ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಹೊಟ್ಟೆಪಾಡಿಗೆ ಬಂದ ಊರಿನಲ್ಲಿ ಗಂಟೆ ಲೆಕ್ಕದ ದುಡಿಮೆ. ನಿಯಮದೊಳಗಿನ ಗಾಡಿ ಅಂಥವರಿಗೆ ನಿಜಕ್ಕೂ ವರವೇ.

ಆದರೆ ಬಾಡಿಗೆಗೆ ಹಿಡಿಯುವ ಮುಂಚೆ ಮೂರು ಕೆಲಸ ಮಾಡಿ. ಗಾಡಿಯ ಮಾದರಿಯ ಪರೀಕ್ಷಾ ಪ್ರಮಾಣಪತ್ರದ ನಕಲು ಕೇಳಿ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಪೊಲೀಸರು ನಿಲ್ಲಿಸಿದರೆ ಬಾಯಿಮಾತಿಗಿಂತ ಅದು ಕೆಲಸಕ್ಕೆ ಬರುತ್ತದೆ. ಖಾಲಿ ರಸ್ತೆಯಲ್ಲಿ ಒಮ್ಮೆ ಓಡಿಸಿ ನೋಡಿ. ಮೀಟರಿನಲ್ಲಿ 25 ದಾಟಿದರೆ ಆ ಗಾಡಿ ಬೇಡ, ಯಾರು ಏನೇ ಹೇಳಲಿ. ಬೇರೆಯವರು ಲಾಕ್ ತೆಗೆಸಿದ್ದರೂ ಅಪಘಾತದ ದಿನ ಹ್ಯಾಂಡಲ್ ನಿಮ್ಮ ಕೈಯಲ್ಲಿರುತ್ತದೆ. ಮೂರನೆಯದು, ನಿಮಗೆ ನೀವೇ ಒಂದು ಅಪಘಾತ ವಿಮೆ ಮಾಡಿಸಿಕೊಳ್ಳಿ. ಬ್ಯಾಂಕ್ ಖಾತೆ ಇರುವ 18ರಿಂದ 70 ವರ್ಷದವರಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ. ವರ್ಷಕ್ಕೆ 20 ರೂಪಾಯಿ ಕಂತು. ಅಪಘಾತದಲ್ಲಿ ಸಾವು ಅಥವಾ ಪೂರ್ಣ ಅಂಗವಿಕಲತೆಯಾದರೆ 2 ಲಕ್ಷ. ಒಂದು ಇರಾನಿ ಚಹಾದ ದುಡ್ಡು.

ಹೆಲ್ಮೆಟ್ಟಿನ ವಿಚಾರಕ್ಕೆ ಬಂದರೆ, ಮೋಟಾರು ವಾಹನವಾದ ದ್ವಿಚಕ್ರದಲ್ಲಿ ಓಡಿಸುವವರಿಗೂ ಹಿಂದೆ ಕೂರುವವರಿಗೂ ಅದು ಕಡ್ಡಾಯ. ನಿಯಮದ ಹೊರಗಿನ ಸಣ್ಣ ಗಾಡಿಗೆ ಆ ಕಲಮು ಅನ್ವಯಿಸುವುದಿಲ್ಲ. ಹೈದರಾಬಾದಿನ ಡಾಂಬರಿಗೆ ಮಾತ್ರ ಕಲಮು ಗೊತ್ತಿಲ್ಲ. ಐಎಸ್‌ಐ ಗುರುತಿನ, ಗದ್ದದ ಪಟ್ಟಿ ಬಿಗಿಯಾಗಿ ಕೂರುವ ಹೆಲ್ಮೆಟ್ ಹಾಕಿಕೊಳ್ಳಿ.

ಸದ್ದಿಲ್ಲದ ಗಾಡಿ, ಸದ್ದಿನ ಊರು

ಹೈದರಾಬಾದಿನ ರಸ್ತೆಯಲ್ಲಿ ಜನ ಕಣ್ಣಿಗಿಂತ ಕಿವಿಯನ್ನು ನಂಬಿ ದಾಟುತ್ತಾರೆ. ಆಟೋದ ಸದ್ದು, ಬುಲೆಟ್ಟಿನ ಸದ್ದು ಕೇಳಿ ಸರಿಯುತ್ತಾರೆ. ಬ್ಯಾಟರಿ ಗಾಡಿ ಬೆನ್ನ ಹಿಂದೆ ಬಂದು ನಿಂತರೂ ಗೊತ್ತಾಗುವುದಿಲ್ಲ. ಆದ್ದರಿಂದ ತಿರುವಿನಲ್ಲಿ, ಶಾಲೆಯ ಮುಂದೆ, ಬೆಳಗಿನ ವಾಕಿಂಗಿನವರ ಹತ್ತಿರ ವೇಗ ಇಳಿಸಿ ಒಂದು ಸಣ್ಣ ಹಾರ್ನ್ ಕೊಡಿ. ನಮ್ಮನ್ನು ಅವರು ಕೇಳಿಲ್ಲ ಎಂದೇ ತಿಳಿದು ಓಡಿಸಬೇಕು.

ನಿಧಾನದ ಗಾಡಿ ರಸ್ತೆಯ ಎಡಬದಿಯಲ್ಲಿರಬೇಕು, ಆದರೆ ಅಂಚಿಗೆ ಅಂಟಿಕೊಂಡಲ್ಲ. ನಿಲ್ಲಿಸಿದ ಕಾರಿನ ಬಾಗಿಲು ಯಾವಾಗ ತೆರೆಯುತ್ತದೋ ಗೊತ್ತಿಲ್ಲ. ಉದ್ದನೆಯ ಫ್ಲೈಓವರಿನ ಮೇಲೆ ಎಲ್ಲರೂ ಅರವತ್ತರಲ್ಲಿ ಹೋಗುವಾಗ ನಾವು ಇಪ್ಪತ್ತರಲ್ಲಿ ಏರುವುದು ಅಪಾಯ. ಕೆಳಗಿನ ರಸ್ತೆ ಇದ್ದರೆ ಅದೇ ಮೇಲು. ಔಟರ್ ರಿಂಗ್ ರೋಡಿನ ಮುಖ್ಯ ರಸ್ತೆಯಲ್ಲಿ ದ್ವಿಚಕ್ರಕ್ಕೆ ಪ್ರವೇಶವೇ ಇಲ್ಲ. ಅದರ ಪಕ್ಕದಲ್ಲಿ 2023ರ ಅಕ್ಟೋಬರ್ 1ರಂದು ತೆರೆದ 23 ಕಿಲೋಮೀಟರ್ ಸೈಕಲ್ ಪಥ ಇದೆ. ನಾನಕ್‌ರಾಮ್‌ಗುಡದಿಂದ ಒಂದು ಕವಲು, ನಾರ್ಸಿಂಗಿಯಿಂದ ಕೊಲ್ಲೂರಿಗೆ ಇನ್ನೊಂದು. ಮೇಲೆ ಸೌರಫಲಕದ ಚಾವಣಿ. ಸೈಕಲ್ ಕಲಿಯುವವರಿಗೆ, ಭಾನುವಾರ ಮನೆಮಂದಿಯೊಂದಿಗೆ ಹೋಗುವವರಿಗೆ ಒಳ್ಳೆಯ ಜಾಗ. ಅಂಬರ್‌ಪೇಟೆಯ ಹುಡುಗ ಕೋಚಿಂಗಿಗೆ ಹೋಗುವುದಕ್ಕೆ ಮಾತ್ರ ಅದರಿಂದ ಉಪಯೋಗವಿಲ್ಲ. ಅವನಿಗೆ ಇರುವುದು ಬಸ್ಸು, ಆಟೋ, ಎಮ್ಮೆ, ಮೆರವಣಿಗೆ ಎಲ್ಲ ಸೇರಿದ ನಮ್ಮ ಮಾಮೂಲಿ ರಸ್ತೆಯೇ.

ಕೊನೆಯದಾಗಿ ರಾಂಗ್ ಸೈಡ್. "ಮುಂದಿನ ಯೂ ಟರ್ನ್ ದೂರ, ಇಲ್ಲೇ ಐವತ್ತು ಹೆಜ್ಜೆ" ಎನ್ನುವುದು ಈ ಊರಿನ ಹಳೆಯ ಕಾಯಿಲೆ. ಸದ್ದಿಲ್ಲದ ಗಾಡಿ ಎದುರು ದಿಕ್ಕಿನಿಂದ ಬಂದರೆ ಎಡಕ್ಕೆ ತಿರುಗುವವನಿಗೆ ಅದು ಕಾಣುವುದೂ ಇಲ್ಲ, ಕೇಳುವುದೂ ಇಲ್ಲ.

ಮನೆಯೊಳಗಿನ ಬ್ಯಾಟರಿ

ರಸ್ತೆಯಲ್ಲಿ ಇಷ್ಟು ಜೋಪಾನ ಮಾಡಿ ಮನೆಗೆ ಬಂದ ಮೇಲೆ ಇನ್ನೊಂದು ಜೋಪಾನ ಬೇಕು. 2022ರ ಸೆಪ್ಟೆಂಬರ್ 12ರ ರಾತ್ರಿಯನ್ನು ಸಿಕಂದರಾಬಾದಿನವರು ಮರೆತಿಲ್ಲ. ಒಂದು ಹೋಟೆಲ್ ಕಟ್ಟಡದ ಕೆಳಗಿದ್ದ ಎಲೆಕ್ಟ್ರಿಕ್ ಸ್ಕೂಟರ್ ಮಳಿಗೆಯಲ್ಲಿ ಬೆಂಕಿ ಹತ್ತಿತು. ಹೊಗೆ ಮೆಟ್ಟಿಲ ದಾರಿ ಹಿಡಿದೇ ಮೇಲೇರಿತು. ಇಳಿಯುವ ದಾರಿ ಇಲ್ಲದೆ ಕೆಲವರು ಕಿಟಕಿಯಿಂದ ಹಾರಿದರು. ಎಂಟು ಜನ ಸತ್ತರು. ಅದೇ ವರ್ಷದ ಏಪ್ರಿಲ್‌ನಲ್ಲಿ ನಿಜಾಮಾಬಾದಿನ ಮನೆಯೊಂದರಲ್ಲಿ ರಾತ್ರಿ ಚಾರ್ಜಿಗೆ ಇಟ್ಟಿದ್ದ ಬ್ಯಾಟರಿ ಸಿಡಿದು ಅಲ್ಲೇ ಮಲಗಿದ್ದ 80 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ನ್ಯೂಯಾರ್ಕ್ ನಗರದಲ್ಲಿ 2023ರಲ್ಲಿ ಲಿಥಿಯಂ ಬ್ಯಾಟರಿಯ ಬೆಂಕಿಗೆ 18 ಜನ ಬಲಿಯಾದರು.

2022ರ ಘಟನೆಗಳಾದ ಮೇಲೆ ನಮ್ಮ ದೇಶದಲ್ಲಿ ನೋಂದಣಿಯಾಗುವ ಎಲೆಕ್ಟ್ರಿಕ್ ದ್ವಿಚಕ್ರಗಳ ಬ್ಯಾಟರಿ ಪರೀಕ್ಷೆ ಬಿಗಿಯಾಯಿತು. ಎಐಎಸ್ 156 ಎಂಬ ಆ ಮಾನದಂಡದ ಹೊಸ ಷರತ್ತುಗಳು 2022ರ ಡಿಸೆಂಬರ್ 1ರಿಂದ ಒಂದು ಹಂತ, 2023ರ ಮಾರ್ಚ್ 31ರಿಂದ ಇನ್ನೊಂದು ಹಂತ ಎಂದು ಜಾರಿಗೆ ಬಂದವು. ಹೊಸ ಗಾಡಿ ಕೊಳ್ಳುವಾಗ, ಬ್ಯಾಟರಿ ಬದಲಿಸುವಾಗ ಈ ಮಾತು ಕೇಳಿ. ಗುರುತು ಪತ್ತೆ ಇಲ್ಲದ, ಯಾರೋ ಕೋಶಗಳನ್ನು ಜೋಡಿಸಿ ಟೇಪು ಸುತ್ತಿ ಕೊಡುವ ಬ್ಯಾಟರಿ ಎಷ್ಟೇ ಅಗ್ಗವಾದರೂ ಬೇಡ.

ಮನೆಯಲ್ಲಿ ಪಾಲಿಸಬೇಕಾದ್ದು ಸರಳ. ಗಾಡಿಯ ಜೊತೆ ಬಂದ ಚಾರ್ಜರ್ ಮಾತ್ರ ಬಳಸಿ. ಓಡಿಸಿ ಬಂದ ಕೂಡಲೇ ಚುಚ್ಚಬೇಡಿ, ಅರ್ಧ ಗಂಟೆ ತಣ್ಣಗಾಗಲಿ. ಎಲ್ಲರೂ ಮಲಗಿದ ಮೇಲೆ ಚಾರ್ಜಿಗೆ ಇಡಬೇಡಿ. ಎಲ್ಲಕ್ಕಿಂತ ಮುಖ್ಯ, ಬಾಗಿಲ ಬಳಿ, ಮೆಟ್ಟಿಲ ಕೆಳಗೆ ಇಡಬೇಡಿ. ಬೆಂಕಿ ಹತ್ತಿದರೆ ಓಡುವ ದಾರಿಯೇ ಅದು. ಸೆಲ್ಲಾರ್ ಪಾರ್ಕಿಂಗಿನಲ್ಲಿ ಮೇಲಿನ ಮನೆಯಿಂದ ಎಕ್ಸ್‌ಟೆನ್ಷನ್ ವೈರ್ ಇಳಿಬಿಡುವುದನ್ನು ನೋಡುತ್ತಿರುತ್ತೇನೆ. ಅದರ ಬದಲು ಅಪಾರ್ಟ್‌ಮೆಂಟಿನವರು ಸೇರಿ ಸರಿಯಾದ ಎಂಸಿಬಿ ಹಾಕಿಸಿದ ಒಂದು ಪ್ಲಗ್ ಪಾಯಿಂಟ್ ಮಾಡಿಸಿಕೊಳ್ಳಿ. ಬ್ಯಾಟರಿ ಉಬ್ಬಿದರೆ, ವಾಸನೆ ಬಂದರೆ, ಮಳೆನೀರಲ್ಲಿ ಮುಳುಗಿದ್ದರೆ ಮತ್ತೆ ಚಾರ್ಜ್ ಮಾಡಬೇಡಿ. ಲೆಡ್ ಆ್ಯಸಿಡ್ ಬ್ಯಾಟರಿಯ ಗಾಡಿಯಾದರೆ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬರುತ್ತದೆ, ಗಾಳಿ ಆಡುವ ಜಾಗ ಬೇಕು. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ವೀರತನ ಬೇಡ. ಬಾಗಿಲು ಎಳೆದುಕೊಂಡು ಎಲ್ಲರನ್ನೂ ಹೊರಗೆ ತಂದು 101ಕ್ಕೆ ಫೋನ್ ಮಾಡಿ.

ಹಾಗಾದರೆ ಯಾವುದು ಕೊಳ್ಳಬೇಕು?

ಹದಿನೆಂಟು ತುಂಬಿದವರಾದರೆ, ದಿನಾ ದೂರ ಓಡಾಡುವವರಾದರೆ, ಲೈಸೆನ್ಸ್ ಮಾಡಿಸಿ ನೋಂದಾಯಿತ ಸ್ಕೂಟರನ್ನೇ ಕೊಳ್ಳಿ. ತೆಲಂಗಾಣದಲ್ಲಿ ಕೊಂಡು ಇಲ್ಲೇ ನೋಂದಾಯಿಸುವ ಎಲೆಕ್ಟ್ರಿಕ್ ವಾಹನಕ್ಕೆ ರಸ್ತೆ ತೆರಿಗೆ, ನೋಂದಣಿ ಶುಲ್ಕ ಎರಡರಲ್ಲೂ ಪೂರ್ತಿ ವಿನಾಯಿತಿ ಎಂದು ರಾಜ್ಯ ಸರ್ಕಾರ 2024ರ ನವೆಂಬರ್‌ನಲ್ಲಿ ಆದೇಶ ಮಾಡಿದೆ. ಅದರ ಅವಧಿ 2026ರ ಡಿಸೆಂಬರ್ 31ರವರೆಗೆ. ಹಸಿರು ಫಲಕದ ಮೇಲೆ ಬಿಳಿ ಅಕ್ಷರದಲ್ಲಿ ಟಿಜಿ ಎಂದು ನಂಬರ್ ಬರುತ್ತದೆ. ನಂಬರ್ ಪ್ಲೇಟ್ ಇದ್ದರೆ ಖರ್ಚು ಎಂಬ ಭಯಕ್ಕೆ ಈಗ ಅಷ್ಟು ಅರ್ಥವಿಲ್ಲ.

ಊರಿನಿಂದ ಕೆಎ ನಂಬರಿನ ಸ್ಕೂಟರ್ ತಂದವರಿಗೆ ಇನ್ನೊಂದು ಮಾತು. ಬೇರೆ ರಾಜ್ಯದಲ್ಲಿ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರ್ ಪಡೆಯಬೇಕು. ಅದಕ್ಕೆ ಊರಿನ ಆರ್‌ಟಿಒ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ಬೇಕು. ಮುಂದಿನ ಸಲ ಜಾತ್ರೆಗೋ ಮದುವೆಗೋ ಹೋದಾಗ ಆ ಕೆಲಸವನ್ನೂ ಮುಗಿಸಿಕೊಂಡು ಬನ್ನಿ.

ಹತ್ತಿರದ ಓಡಾಟಕ್ಕೆ, ವಯಸ್ಸಾದವರಿಗೆ, ಮೊಣಕಾಲು ನೋವಿದ್ದರೂ ತುಳಿಯುವ ಆಸೆ ಇರುವವರಿಗೆ ಪೆಡಲ್ ಇರುವ ಎಲೆಕ್ಟ್ರಿಕ್ ಸೈಕಲ್ ಬಹಳ ಒಳ್ಳೆಯದು. ಹಳೆಯ ಸೈಕಲ್ಲಿಗೆ ಮೋಟಾರ್ ಕಿಟ್ ಹಾಕಿಸುವವರು ಮಾತ್ರ ಎಚ್ಚರ. 350, 500, 1,000 ವ್ಯಾಟ್ ಎಂದು ಬರೆದ ಕಿಟ್ ಹಾಕಿಸಿದರೆ ಅದು ಕಾನೂನಿನ ಪ್ರಕಾರ ಸೈಕಲ್ ಅಲ್ಲ.

ಮಕ್ಕಳಿಗೆ? ನಿಯಮದೊಳಗಿನ ಸಣ್ಣ ಗಾಡಿ ಮೋಟಾರು ವಾಹನ ಅಲ್ಲದ್ದರಿಂದ ಲೈಸೆನ್ಸಿನ ವಯಸ್ಸು ಅದಕ್ಕೆ ಅನ್ವಯಿಸುವುದಿಲ್ಲ. ಆದರೆ ಕಾನೂನು ಸುಮ್ಮನಿದೆ ಎಂದು ತಂದೆತಾಯಿ ಸುಮ್ಮನಿರಬೇಕಿಲ್ಲ. ಸಿಗ್ನಲ್ ಅರ್ಥವಾಗದ, ಹಿಂದೆ ತಿರುಗಿ ನೋಡಲು ಬಾರದ ಹನ್ನೆರಡು ವರ್ಷದ ಹುಡುಗನ ಕೈಗೆ ಅದನ್ನು ಕೊಟ್ಟು ಮುಖ್ಯರಸ್ತೆಗೆ ಕಳಿಸಬೇಡಿ. ಕೊಟ್ಟವರು ತಿಂಗಳಿಗೊಮ್ಮೆ ನೀವೇ ಓಡಿಸಿ ನೋಡಿ. ವೇಗ 25 ದಾಟುತ್ತದೆಯೇ, ಬ್ರೇಕ್ ಹಿಡಿಯುತ್ತದೆಯೇ? ನಾನು ದೀಪಾವಳಿಯ ದಿನ ಒಂದು ಸುತ್ತು ಹೊಡೆದು ಬಂದೆ. ಮತ್ತೊಂದು ಸಲ ಹೊಡೆದಿದ್ದರೆ ನನಗೇ ತಿಳಿಯುತ್ತಿತ್ತು.

ನಮ್ಮ ಹುಡುಗನ ಗಾಡಿಯ ಲಾಕನ್ನು ಕಂಪನಿಯ ಸರ್ವೀಸ್ ಕೇಂದ್ರದಲ್ಲೇ ಮತ್ತೆ ಹಾಕಿಸಿ, ಪರೀಕ್ಷೆ ಮಾಡಿಸಿ ತಂದೆವು. ಗಾಡಿ ಈಗ ಅಕ್ಕನ ಮನೆಯ ಮುಂದೆ ಬಟ್ಟೆ ಹೊದ್ದು ನಿಂತಿದೆ. ಜೂನ್‌ನಲ್ಲಿ ಅವನಿಗೆ ಹದಿನೆಂಟು ತುಂಬುತ್ತದೆ. ಲರ್ನರ್ ಲೈಸೆನ್ಸಿಗೆ ಪುಸ್ತಕ ಓದುತ್ತಿದ್ದಾನೆ. ಅಷ್ಟರವರೆಗೆ ಬಸ್ಸೇ. ವಾರಕ್ಕೆ ಎರಡು ದಿನ ತಾತಗಾರನ್ನು ಆಟೋದಲ್ಲಿ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುವುದು ಅವನ ಕೆಲಸ. ಕಳೆದ ವಾರ ನಾನೂ ಜೊತೆಗಿದ್ದೆ. ಇಳಿಯುವಾಗ ಆ ಹಿರಿಯರು ಎಡಗೈಯಿಂದ ಹುಡುಗನ ಭುಜ ತಟ್ಟಿ, "ಮೆಲ್ಲಗಾ ವೆಳ್ಳು ಬಾಬೂ" ಎಂದರು. ಮೆಲ್ಲಗೆ ಹೋಗಪ್ಪ ಎಂದರ್ಥ. ಹುಡುಗ ತಲೆ ಬಗ್ಗಿಸಿ ನಿಂತಿದ್ದ.

ಮುಂದಿನ ತಿಂಗಳು ಇರಾನಿ ಚಹಾ, ಖಂಡಿತ. ಅಷ್ಟರೊಳಗೆ ನಿಮ್ಮ ಮನೆಯ ಮುಂದಿನ ಗಾಡಿಯನ್ನು ಒಂದು ಸುತ್ತು ಓಡಿಸಿ ನೋಡಿ.